ಜೈಸಲ್ಮೇರ್‌ಗೆ ಹೋಗೋದಾ, ಬಿಕಾನೇರ್‌ಗಾ?

ರಾಜಸ್ಥಾನದ ಥಾರ್ ಮರುಭೂಮಿ ನೋಡೋಕೆ ಮೂರು-ನಾಲ್ಕು ದಿನ ಇದೆ, ಯಾವ ಊರಿಗೆ ಹೋಗೋಣ ಅಂತ ಪರಿಚಯದವರು ಕೇಳುತ್ತಲೇ ಇರುತ್ತಾರೆ. ಎರಡೂ ಊರಿಗೆ ಅವ್ವನ ಜೊತೆ ಹೋಗಿ ಬಂದಿದ್ದೇನೆ. ನಡುವೆ ರಸ್ತೆಯಲ್ಲಿ ಸುಮಾರು 330 ಕಿಲೋಮೀಟರ್ ಇದೆ. ಅಷ್ಟು ಕಡಿಮೆ ದಿನದಲ್ಲಿ ಎರಡನ್ನೂ ಮುಗಿಸೋಕೆ ಹೋದರೆ ಯಾವುದೂ ಸರಿಯಾಗಿ ನೋಡಿದ ಹಾಗೆ ಆಗೋದಿಲ್ಲ. ಒಂದೇ ಆರಿಸಿಕೊಳ್ಳಿ. ಮರಳು ನೋಡಲೇಬೇಕು ಅಂದ್ರೆ ಜೈಸಲ್ಮೇರ್. ಊಟ, ಊರು, ಜನ ಮುಖ್ಯ ಅಂದ್ರೆ ಬಿಕಾನೇರ್. ವಯಸ್ಸಾದವರು ಜೊತೆಗಿದ್ದರೆ ಕಣ್ಣು ಮುಚ್ಚಿ ಬಿಕಾನೇರ್‌ಗೆ ಹೋಗಿ.

ಜೈಸಲ್ಮೇರ್ ಕೋಟೆ 1156ರಲ್ಲಿ ಶುರುವಾದದ್ದು. ಒಳಗೆ ಇವತ್ತಿಗೂ ಜನ ಸಂಸಾರ ಮಾಡಿಕೊಂಡಿದ್ದಾರೆ. ಹಳದಿ ಕಲ್ಲಿನ ಗೋಡೆ ಸಂಜೆ ಬಿಸಿಲಿಗೆ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗುತ್ತದೆ. ಒಳಗಿನ ಜೈನ ಬಸದಿಗಳ ಕೆತ್ತನೆ ನೋಡೋಕೇ ಅರ್ಧ ದಿನ ಬೇಕು. ಆದರೆ ಕೋಟೆ ಇರೋದು ಗುಡ್ಡದ ಮೇಲೆ. ತುಳಿದು ತುಳಿದು ನುಣುಪಾದ ಕಲ್ಲಿನ ಏರುದಾರಿಯಲ್ಲಿ ಅವ್ವ ಮೂರು ಕಡೆ ಕೂತಳು. ಇನ್ನೊಂದು ಮಾತು: ಕೋಟೆಯೊಳಗಿನ ಹೋಟೆಲಿನಲ್ಲಿ ಉಳಿಯಬೇಡಿ. ಬಳಸಿದ ನೀರು ಬುಡಕ್ಕೆ ಇಂಗಿ ಕೋಟೆಯೇ ಸಡಿಲವಾಗಿದೆ. ಕೆಳಗೆ ಊರಲ್ಲಿ ಉಳಿದು, ಮೇಲೆ ಹೋಗಿ ನೋಡಿ ಬನ್ನಿ.

ಬಿಕಾನೇರ್‌ನ ಜುನಾಗಢ ಕೋಟೆ ಸಮತಟ್ಟಾದ ನೆಲದ ಮೇಲೇ ಇದೆ. ರಾಜಾ ರಾಯ್ ಸಿಂಗ್ 1589ರಲ್ಲಿ ಕಟ್ಟಿಸಲು ಶುರು ಮಾಡಿದ್ದು. ಚಿನ್ನದ ಕೆಲಸದ ಅನೂಪ್ ಮಹಲ್ ಮುಂದೆ ಎಲ್ಲರೂ ಫೋಟೊಗೆ ನಿಲ್ಲುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬಾದಲ್ ಮಹಲ್. ಗೋಡೆ ತುಂಬಾ ನೀಲಿ ಮೋಡ, ಸುರುಳಿ ಸುರುಳಿಯಾಗಿ. ನಡುವೆ ಮಿಂಚು. ಕೆಳಗೆ ಸಣ್ಣ ಸಣ್ಣ ಗೆರೆಗಳಲ್ಲಿ ಮಳೆ. ಮಳೆಯೇ ಅಪರೂಪವಾದ ಊರಲ್ಲಿ ಕೋಣೆ ತುಂಬಾ ಮಳೆ ಬರೆಸಿಕೊಂಡಿದ್ದಾರೆ. ಬಾಗಲಕೋಟೆ ಕಡೆಯವಳು ನಾನು, ಮೋಡ ನೋಡಿ ನೋಡಿ ಕಾಯೋದು ಏನು ಅಂತ ಗೊತ್ತು. ಅಲ್ಲಿಂದ ಕಾಲು ಕೀಳೋಕೆ ಆಗಲಿಲ್ಲ.

ಇನ್ನು ಊಟ. ಸಜ್ಜೆ ರೊಟ್ಟಿ ಎರಡೂ ಕಡೆ ಸಿಗುತ್ತದೆ. ನಮ್ಮದಕ್ಕಿಂತ ದಪ್ಪ, ತುಪ್ಪ ಜಾಸ್ತಿ. ಜೈಸಲ್ಮೇರ್‌ನಲ್ಲಿ ಪ್ರವಾಸಿಗರಿಗೆ ಅಂತಲೇ ಮಾಡಿದ ಹೋಟೆಲುಗಳು ಜಾಸ್ತಿ, ಖಾರ ಕಡಿಮೆ, ಬಿಲ್ಲು ದೊಡ್ಡದು. ಅಲ್ಲಿನ ಘೋಟುವಾ ಲಾಡು ಮಾತ್ರ ಬಿಡಬೇಡಿ.

ಬಿಕಾನೇರ್‌ನಲ್ಲಿ ಊರವರು ತಿನ್ನೋ ಅಂಗಡಿಯಲ್ಲೇ ನಾವೂ ತಿಂದೆವು. ಬೆಳಿಗ್ಗೆ ಕಚೋರಿ, ಆಮೇಲೆ ಭುಜಿಯಾ ಕರಿಯೋದನ್ನು ನೋಡುತ್ತಾ ನಿಂತೆವು. ಮಡಕಿ ಕಾಳಿನ ಹಿಟ್ಟಿಗೆ ಕಡಲೆ ಹಿಟ್ಟು ಸೇರಿಸಿ ಕಲಸಿರುತ್ತಾರೆ. ಕಾದ ಎಣ್ಣೆಯ ಮೇಲೆ ತೂತಿನ ಜಾಲರಿ ಹಿಡಿದು, ಅಂಗೈಯಿಂದ ಹಿಟ್ಟನ್ನು ಉಜ್ಜುತ್ತಾರೆ. ಎಳೆಗಳು ಉದುರಿ ನೊರೆಯೊಳಗೆ ಮುಳುಗುತ್ತವೆ. ನೊರೆ ಇಳಿಯುತ್ತಿದ್ದ ಹಾಗೆ ಎತ್ತಿಬಿಡುತ್ತಾರೆ. ಬಿಕಾನೇರಿ ಭುಜಿಯಾಗೆ 2010ರಲ್ಲೇ ಜಿಐ ಟ್ಯಾಗ್, ಅಂದ್ರೆ ಈ ಊರಿನದ್ದೇ ತಿಂಡಿ ಅನ್ನೋ ಸರ್ಕಾರಿ ಗುರುತು, ಸಿಕ್ಕಿದೆ. ಬಿಸಿ ಬಿಸಿ ಒಂದು ಹಿಡಿ ಬಾಯಿಗೆ ಹಾಕಿಕೊಂಡರೆ ಪೊಟ್ಟಣದ್ದು ಬೇರೆಯೇ ತಿಂಡಿ ಅನಿಸುತ್ತದೆ.

ಆ ಮಧ್ಯಾಹ್ನ ಒಂದು ಸಣ್ಣ ಖಾನಾವಳಿಯಲ್ಲಿ ಕೇರ್ ಸಾಂಗ್ರಿ ಪಲ್ಯ ಬಡಿಸಿದರು. ಕೇರ್ ಅಂದ್ರೆ ಮುಳ್ಳುಗಿಡದ ಹುಳಿ ಕಾಯಿ. ಸಾಂಗ್ರಿ ಅಂದ್ರೆ ಖೇಜ್ರಿ ಮರದ ಎಳೆ ಕಾಯಿ, ಬೀನ್ಸ್‌ಗಿಂತ ತೆಳ್ಳಗೆ ಇರುತ್ತದೆ. ಎರಡನ್ನೂ ಒಣಗಿಸಿ ಇಟ್ಟುಕೊಂಡು ವರ್ಷವಿಡೀ ಬಳಸುತ್ತಾರೆ. ಖೇಜ್ರಿ ಅಂದ್ರೆ ಯಾವ ಮರ ಅಂತ ಅವ್ವ ಕೇಳಿದಳು. ಬಡಿಸುವವರು ಹೊರಗೆ ಕರೆದು ತೋರಿಸಿದರು. ಅವ್ವ ಎಲೆ ಹಿಡಿದು ನೋಡಿ, "ಇದು ನಮ್ಮ ಬನ್ನಿ ಅಲ್ಲೇನs!" ಅಂದಳು. ಹೌದು, ಅದೇ ಮರ. ದಸರಾದಲ್ಲಿ ಬಂಗಾರ ಅಂತ ನಾವು ಹಂಚಿಕೊಳ್ಳೋ ಬನ್ನಿಯ ಕಾಯಿ ಇಲ್ಲಿ ಬರಗಾಲದಲ್ಲೂ ಜನರ ಹೊಟ್ಟೆ ತುಂಬಿಸಿದೆ. ಅವ್ವ ಚಪ್ಪಲಿ ಬಿಟ್ಟು ಕೈ ಮುಗಿದಳು. ಅರ್ಧ ಕಿಲೋ ಒಣ ಸಾಂಗ್ರಿ ಊರಿಗೆ ಬಂತು.

ಮರಳಿನ ವಿಷಯದಲ್ಲಿ ಜೈಸಲ್ಮೇರ್‌ನದೇ ಗೆಲುವು. ಅಲ್ಲೂ ಎರಡು ದಾರಿ ಇವೆ. ಸುಮಾರು 40 ಕಿಲೋಮೀಟರ್ ದೂರದ ಸಮ್ ದಿಬ್ಬಗಳಿಗೆ ಎಲ್ಲರೂ ಹೋಗುತ್ತಾರೆ. ನಾವು ಉಳಿದ ಟೆಂಟಿನ ಪಕ್ಕದಲ್ಲೇ ನಡುರಾತ್ರಿವರೆಗೆ ಡಿಜೆ, ಜೀಪಿನ ಗದ್ದಲ. ನಿದ್ದೆಯೇ ಇಲ್ಲ. ಮಾರನೇ ಸಲ ಖೂಡಿ ಹಳ್ಳಿಗೆ ಹೋದೆವು. ದಿಬ್ಬ ಚಿಕ್ಕದು, ಆದರೆ ಒಂಟೆಯ ಕೊರಳ ಗಂಟೆ ಬಿಟ್ಟರೆ ಬೇರೆ ಸದ್ದಿಲ್ಲ. ಖೂಡಿಗೇ ಹೋಗಿ.

ಬಿಕಾನೇರ್‌ನಲ್ಲಿ ಇಂಥ ಮರಳು ನಮಗೆ ಸಿಗಲಿಲ್ಲ. ಬದಲಿಗೆ ಒಂಟೆ ಸಂಶೋಧನಾ ಕೇಂದ್ರದಲ್ಲಿ ಒಂಟೆ ಹಾಲಿನ ಕುಲ್ಫಿ ತಿಂದೆವು. ದೇಶ್ನೋಕ್‌ನ ಕರಣಿ ಮಾತಾ ಗುಡಿಗೂ ಹೋಗಿ ಬಂದೆವು. ಸಾವಿರಾರು ಇಲಿಗಳು ಕಾಲ ಮೇಲೆ ಓಡಾಡುತ್ತವೆ, ಬರಿಗಾಲಲ್ಲೇ ಹೋಗಬೇಕು. ಇಲಿ ಕಂಡರೆ ಆಗದವರು ಹೊರಗೇ ನಿಂತು ಕೈ ಮುಗಿಯಿರಿ.

ಹಬ್ಬ ನೋಡಿಕೊಂಡು ಹೋಗುವುದಾದರೆ, ಬಿಕಾನೇರ್‌ನ ಒಂಟೆ ಉತ್ಸವ ಜನವರಿಯಲ್ಲಿ. ಒಂಟೆಯ ಮೈಕೂದಲನ್ನೇ ಕತ್ತರಿಸಿ ಹೂವು, ಬಳ್ಳಿ, ನವಿಲು ಬಿಡಿಸಿರುತ್ತಾರೆ. ಹತ್ತಿರ ಹೋಗಿ ನೋಡಿ, ರಂಗೋಲಿ ಎಳೆಯಷ್ಟು ಸಣ್ಣ ಕೆಲಸ. ಜೈಸಲ್ಮೇರ್‌ನ ಮರು ಉತ್ಸವ, ಅಂದ್ರೆ ಮರುಭೂಮಿ ಹಬ್ಬ, ಮಾಘ ಹುಣ್ಣಿಮೆ ಹೊತ್ತಿಗೆ. ಮೀಸೆ ಸ್ಪರ್ಧೆ, ಪೇಟಾ ಸುತ್ತೋ ಸ್ಪರ್ಧೆ ಎಲ್ಲಾ ಇರುತ್ತದೆ. ಆಗ ರೂಮು ಸಿಗೋದು ಕಷ್ಟ, ಮೊದಲೇ ಹೇಳಿಟ್ಟುಕೊಳ್ಳಿ. ಎರಡೂ ಕಡೆ ರಾತ್ರಿ ಚಳಿ ಜೋರು. ಸ್ವೆಟರ್ ಜೊತೆಗೆ ಒಂದು ದಪ್ಪ ಕಂಬಳಿಯೂ ಇರಲಿ.