ಮೈಎಸ್‌ಕ್ಯುಎಲ್ ರೆಜೆಕ್ಸ್: ಕನ್ನಡದ ವಿಳಾಸ ಹುಡುಕುತ್ತಾ ಏಳು ವರ್ಷ

ಒಂದು ಮಾಸಪತ್ರಿಕೆಯ ಚಂದಾದಾರರ ಪಟ್ಟಿ ನೋಡಿಕೊಳ್ಳುವುದು ನನ್ನ ಕೆಲಸ. ವಿಳಾಸಗಳೆಲ್ಲ ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸ್‌ನಲ್ಲಿ, ಕನ್ನಡದಲ್ಲೇ ಇವೆ. ಒಂದೇ ಊರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. 2014ರ ನವೆಂಬರ್ 1ಕ್ಕೆ ಬೆಳಗಾಂ ಬೆಳಗಾವಿ ಆಯ್ತು, ಗುಲ್ಬರ್ಗ ಕಲಬುರಗಿ ಆಯ್ತು. ಹಳಬರ ವಿಳಾಸದಲ್ಲಿ ಹಳೇ ಹೆಸರೇ ಉಳಿದಿದೆ. ಹಾಗಾಗಿ ಸರಳ ಹುಡುಕಾಟದ ಲೈಕ್ ಸಾಲದು, ಒಂದೇ ಪ್ಯಾಟರ್ನ್‌ನಲ್ಲಿ ಹಲವು ರೂಪ ಹುಡುಕುವ ರೆಜೆಕ್ಸ್ ಬೇಕೇ ಬೇಕು.

ಮೈಎಸ್‌ಕ್ಯುಎಲ್‌ನ 5.7 ಆವೃತ್ತಿಯಲ್ಲಿ ತುಂಬಾ ಒದ್ದಾಡಿದೆ. ಚೌಕ ಕಂಸ ಅಂದರೆ ಒಳಗಿರುವುದರಲ್ಲಿ ಯಾವುದಾದರೂ ಒಂದು. ‘ಬೆ[ಲಳ]ಗಾವಿ’ ಅಂತ ಹುಡುಕಿದರೆ ಒಂದು ಸಾಲೂ ಬರುತ್ತಿರಲಿಲ್ಲ. ಬೆಳಗಾವಿ ಕಣ್ಣೆದುರಿಗೇ ಇತ್ತು! ಆಮೇಲೆ ಗೊತ್ತಾಯ್ತು, ಅದು ಹುಡುಕುತ್ತಿದ್ದದ್ದು ಬೈಟ್ ಲೆಕ್ಕದಲ್ಲಿ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ‘ಳ’ಗೆ 3 ಬೈಟ್ ಬೇಕು, ಚೌಕ ಕಂಸ ಹಿಡಿಯುವುದು ಒಂದೇ ಬೈಟ್. ‘ಬೆ(ಲ|ಳ)ಗಾವಿ’ ಅಂತ ಬರೆದು ಹೇಗೋ ಕೆಲಸ ಸಾಗಿಸಿದೆ.

8.0 ಆವೃತ್ತಿಯಲ್ಲಿ ರೆಜೆಕ್ಸ್‌ನ ಒಳಗಿನ ಲೈಬ್ರರಿಯನ್ನೇ ಬದಲಾಯಿಸಿ ಐಸಿಯು ಎಂಬುದನ್ನು ತಂದರು. ಅದಕ್ಕೆ ಯೂನಿಕೋಡ್, ಅಂದರೆ ಅಕ್ಷರಗಳಿಗೆಲ್ಲ ಒಂದೊಂದು ಕೋಡ್ ಕೊಡುವ ಪದ್ಧತಿ, ಗೊತ್ತು. ಚೌಕ ಕಂಸದ ಹಳೇ ಪ್ಯಾಟರ್ನ್ ಹಾಕಿದೆ, ಬೆಳಗಾವಿ, ಬೆಲಗಾವಿ ಎರಡೂ ಬಂದವು. ಆವತ್ತು ನಿಜಕ್ಕೂ ಖುಷಿಯಾಯ್ತು.

ಈಗ ನಾನು ಜಾಸ್ತಿ ಬಳಸುವುದು ‘ಕಲಬುರ್?ಗಿ’ ಥರದ್ದು. ಯೂನಿಕೋಡ್‌ನಲ್ಲಿ ಹಲಂತಕ್ಕೆ, ಅಂದರೆ ಅಕ್ಷರದ ಸ್ವರ ತೆಗೆಯುವ ಗುರುತಿಗೆ, ಅದರದ್ದೇ ಕೋಡ್ ಇದೆ. ಅದರ ಮುಂದೆ ಪ್ರಶ್ನೆ ಗುರುತು ಹಾಕಿದರೆ ಹಲಂತ ಇದ್ದರೂ ಆಯ್ತು, ಇಲ್ಲದಿದ್ದರೂ ಆಯ್ತು. ಕಲಬುರಗಿ, ಕಲಬುರ್ಗಿ ಒಂದೇ ಸಲಕ್ಕೆ ಸಿಗುತ್ತವೆ. ಕನ್ನಡಕ್ಕೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ? ಆದರೆ ಯಾವುದಾದರೂ ಒಂದು ಅಕ್ಷರ ಎನ್ನುವ ಚುಕ್ಕಿ ಹಾಕಿ ಅಕ್ಷರ ಎಣಿಸಬೇಡಿ. ‘ಕ್ಷ’ ನಮಗೆ ಒಂದು ಅಕ್ಷರ, ರೆಜೆಕ್ಸ್‌ಗೆ ಮೂರು.

ತಲೆ ತಿಂದಿದ್ದು ಅಕ್ಷರಗಳು ಒತ್ತಾಗಿ ಸೇರದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು ಝಡ್‌ಡಬ್ಲ್ಯೂಎನ್‌ಜೆ. ‘ರಾಜ್‌ಕುಮಾರ್ ರಸ್ತೆ’ಯ ಕೆಲವು ವಿಳಾಸಗಳು ಬರಲೇ ಇಲ್ಲ. ನೋಡಿದರೆ ಆ ಸಾಲುಗಳಲ್ಲಿ ಕೊನೆಯ ‘ರ್’ ಆದ ಮೇಲೂ ಅದು ಕೂತಿತ್ತು. ಅರ್ಧ ದಿನ ಹೋಯ್ತು. ಈಗ ಹೊಸ ವಿಳಾಸ ಸೇರಿಸುವಾಗಲೇ ಪದದ ಕೊನೆಯದನ್ನು ತೆಗೆದುಬಿಡುತ್ತೇನೆ.

ವೇಗದ ವಿಷಯ: ರೆಜೆಕ್ಸ್ ಇಂಡೆಕ್ಸ್ (ಬೇಗ ಹುಡುಕಲು ಡೇಟಾಬೇಸ್ ಇಟ್ಟುಕೊಳ್ಳುವ ಸೂಚಿ) ಬಳಸುವುದಿಲ್ಲ, ಪ್ರತಿ ಸಾಲನ್ನೂ ಓದುತ್ತದೆ. ನಾನು ಮೊದಲು ಲೈಕ್‌ನಲ್ಲಿ ‘585%’ (585ರಿಂದ ಶುರುವಾಗುವುದೆಲ್ಲ) ಅಂತ ಪಿನ್‌ಕೋಡ್ ಕೊಟ್ಟು ಕಲಬುರಗಿ ಕಡೆಯ ಸಾಲುಗಳನ್ನಷ್ಟೇ ಆರಿಸಿಕೊಳ್ಳುತ್ತೇನೆ. ಪಿನ್ ಕಾಲಂ ಪಠ್ಯವಾಗಿರಬೇಕು, ಅದಕ್ಕೊಂದು ಇಂಡೆಕ್ಸ್ ಇರಬೇಕು.

ಇನ್ನೂ 5.7ರಲ್ಲೇ ಇರುವವರು ದಯವಿಟ್ಟು ಬದಲಾಯಿಸಿ, ಅದರ ಬೆಂಬಲ 2023ರ ಅಕ್ಟೋಬರ್‌ಗೇ ಮುಗಿದಿದೆ. ಬದಲಾಯಿಸುವ ಮುಂಚೆ ಕ್ವೆರಿಗಳಲ್ಲಿ ‘[[:<:]]’ ಎಲ್ಲೆಲ್ಲಿದೆ ನೋಡಿಕೊಳ್ಳಿ. ಪದದ ಅಂಚು ಹಿಡಿಯುವ ಆ ಗುರುತು 8.0ರಲ್ಲಿ ನಡೆಯುವುದಿಲ್ಲ. ಅದರ ಬದಲು ಬ್ಯಾಕ್‌ಸ್ಲ್ಯಾಶ್ ಬಿ, ಅದರಲ್ಲೂ ಬ್ಯಾಕ್‌ಸ್ಲ್ಯಾಶ್ ಎರಡು ಸಲ ಬರೆಯಬೇಕು.