ಇ-ಕೋರ್ಟ್ಸ್ ಆ್ಯಪ್: ವಾಯಿದೆ ಗೊತ್ತಾಗುತ್ತದೆ, ಮುಂದೂಡಿದ ಕಾರಣ ಗೊತ್ತಾಗುವುದಿಲ್ಲ

ಮಂಡ್ಯ ಜಿಲ್ಲೆಯ ತಾಲ್ಲೂಕು ನ್ಯಾಯಾಲಯವೊಂದರಲ್ಲಿ ನಮ್ಮ ಕುಟುಂಬದ ಜಮೀನಿನ ಪಾಲು ದಾವೆ ನಡೆಯುತ್ತಿದ್ದು, ಮೈಸೂರಿನಲ್ಲಿ ನೆಲೆಸಿರುವ ನಾನು ಅದರ ಸ್ಥಿತಿಗತಿಯನ್ನು ಸುಪ್ರೀಂ ಕೋರ್ಟಿನ ಇ-ಸಮಿತಿಯ ಮಾರ್ಗದರ್ಶನದಲ್ಲಿ ರೂಪುಗೊಂಡ ‘ಇ-ಕೋರ್ಟ್ಸ್ ಸರ್ವಿಸಸ್’ ಆ್ಯಪ್‌ನಲ್ಲಿ ನೋಡುತ್ತಾ ಬಂದಿದ್ದೇನೆ. ಉಚಿತವಾಗಿ ಸಿಗುವ ಈ ಆ್ಯಪ್ ವಕೀಲರಿಗೆ ಎಷ್ಟು ಅನುಕೂಲ ಎಂಬುದಕ್ಕಿಂತ, ಒಂದು ದಿನದ ಕೂಲಿ ಬಿಟ್ಟು ಬಸ್ ಹಿಡಿದು ಕೋರ್ಟಿಗೆ ಬರುವ ಕಕ್ಷಿದಾರರಿಗೆ ಎಷ್ಟು ನೆರವಾಗುತ್ತದೆ ಎಂಬುದೇ ನನಗೆ ಮುಖ್ಯ.

ಪ್ರತಿ ಪ್ರಕರಣಕ್ಕೂ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ, ಅಂದರೆ ಆ ಪ್ರಕರಣಕ್ಕೆ ಮಾತ್ರ ಸೇರಿದ ಗುರುತಿನ ಸಂಖ್ಯೆ, ಇರುತ್ತದೆ. ಅದನ್ನು ನಮೂದಿಸಿದರೆ ದಾವೆ ದಾಖಲಾದ ದಿನಾಂಕ, ಯಾವ ನ್ಯಾಯಾಧೀಶರ ಮುಂದಿದೆ, ಯಾವ ಹಂತದಲ್ಲಿದೆ, ಮುಂದಿನ ವಾಯಿದೆ (ವಿಚಾರಣೆಯ ದಿನ) ಯಾವಾಗ ಎಂಬುದೆಲ್ಲವೂ ಕಾಣುತ್ತದೆ. ಒಮ್ಮೆ ಉಳಿಸಿಟ್ಟರೆ ಮತ್ತೆ ಹುಡುಕಬೇಕಾಗಿಲ್ಲ. ತಾರೀಖು ಕೇಳುವುದಕ್ಕಾಗಿಯೇ ವಕೀಲರ ಗುಮಾಸ್ತರ ಹಿಂದೆ ಅಲೆಯುವುದು ಇದರಿಂದ ತಪ್ಪುತ್ತದೆ. ಇದು ಸಣ್ಣ ಉಪಕಾರವಲ್ಲ. ಸಂಖ್ಯೆ ತಿಳಿಯದಿದ್ದರೆ ಹೆಸರಿನಿಂದಲೂ ಹುಡುಕಬಹುದಾದರೂ, ‘ಗೌಡ’ ಎಂಬುದನ್ನೇ ಎರಡು ಮೂರು ಬಗೆಯ ಇಂಗ್ಲಿಷ್ ಕಾಗುಣಿತದಲ್ಲಿ ಬರೆಯುವ ನಮ್ಮ ಸೀಮೆಯಲ್ಲಿ ಅದು ಕಷ್ಟದ ದಾರಿ.

ನನ್ನ ತಕರಾರು ಬೇರೆಯದು. ಹಿಂದಿನ ವಾಯಿದೆಗಳ ಪಟ್ಟಿಯಲ್ಲಿ ಒಂದು ದಿನಾಂಕವನ್ನು ಒತ್ತಿದರೆ ಅಂದಿನ ಕಲಾಪದ ಟಿಪ್ಪಣಿ ತೆರೆದುಕೊಳ್ಳುತ್ತದೆ, ಆದರೆ ಅದರ ವಿವರ ನಮೂದಿಸುವ ಸಿಬ್ಬಂದಿಯನ್ನು ಅವಲಂಬಿಸಿದ್ದು, ಕಾಲಾವಕಾಶ ಕೇಳಿದವರು ವಾದಿಯೋ ಪ್ರತಿವಾದಿಯೋ, ಸಾಕ್ಷಿ ಬರಲಿಲ್ಲವೋ, ನ್ಯಾಯಾಧೀಶರು ರಜೆಯಲ್ಲಿದ್ದರೋ ಎಂಬುದು ಎಷ್ಟೋ ಸಲ ತಿಳಿಯುವುದೇ ಇಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 17ನೇ ಆದೇಶದ ಪ್ರಕಾರ ದಾವೆಯ ವಿಚಾರಣೆಯಲ್ಲಿ ಒಬ್ಬ ಪಕ್ಷಕಾರನಿಗೆ ಮೂರಕ್ಕಿಂತ ಹೆಚ್ಚು ಬಾರಿ ಮುಂದೂಡಿಕೆ ಕೊಡುವಂತಿಲ್ಲ. ತೀರಾ ಅನಿವಾರ್ಯ ಸಂದರ್ಭಗಳಿಗೆ ಮಾತ್ರ ಸುಪ್ರೀಂ ಕೋರ್ಟ್ 2005ರಲ್ಲಿ ಸಡಿಲಿಕೆಯ ಅವಕಾಶ ಇಟ್ಟಿತು. ಯಾರು ಎಷ್ಟು ಸಲ ಮುಂದೂಡಿಸಿದರೆಂಬ ಲೆಕ್ಕವೇ ಕಣ್ಣಿಗೆ ಬೀಳದಿದ್ದರೆ ಕಕ್ಷಿದಾರ ಈ ನಿಯಮವನ್ನು ತನ್ನ ವಕೀಲರಿಗೆ ನೆನಪಿಸುವುದಾದರೂ ಹೇಗೆ? ದೇಶದ ನ್ಯಾಯಾಲಯಗಳ ಪ್ರಕರಣಗಳ ಅಂಕಿಅಂಶ ತೋರಿಸುವ, ಸಾರ್ವಜನಿಕರಿಗೆ ತೆರೆದಿರುವ ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಗ್ರಿಡ್ ಜಾಲತಾಣದಲ್ಲಿ ವಿಳಂಬದ ಕಾರಣಗಳನ್ನು ವರ್ಗೀಕರಿಸಿ ತೋರಿಸುತ್ತಾರೆ. ದೇಶದ ಒಟ್ಟು ಲೆಕ್ಕಕ್ಕೆ ಸಿಗುವ ಈ ಮಾಹಿತಿ ಪ್ರಕರಣದ ಮಾಲೀಕನಿಗೂ ಅವನ ಪುಟದಲ್ಲೇ ಸಿಗಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ.

ಭಾಷೆಯ ಕೊರತೆಯೂ ಇದೆ. 2021ರಲ್ಲಿ ಇ-ಸಮಿತಿ ಈ ಆ್ಯಪ್‌ನ ಕೈಪಿಡಿಯನ್ನು ಕನ್ನಡವೂ ಸೇರಿದಂತೆ 14 ಭಾಷೆಗಳಲ್ಲಿ ಹೊರತಂದಿತು. ಆದರೆ ಸಾಕ್ಷಿ ಕನ್ನಡದಲ್ಲಿ ಹೇಳಿಕೆ ಕೊಡುವ ನ್ಯಾಯಾಲಯದಲ್ಲೂ ಪ್ರಕರಣದ ಹಂತ ನನಗೆ ಕಂಡದ್ದು ಇಂಗ್ಲಿಷಿನಲ್ಲೇ. ಪಾಟೀಸವಾಲಿಗೆ (ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವುದಕ್ಕೆ) ನಿಗದಿಯಾಗಿದೆಯೋ ವಾದಮಂಡನೆಗೋ ಎಂಬುದನ್ನು ಹಳ್ಳಿಯಲ್ಲಿರುವ ನನ್ನ ದೊಡ್ಡಪ್ಪನವರಿಗೆ ನಾನೇ ಫೋನಿನಲ್ಲಿ ವಿವರಿಸಬೇಕಾಗುತ್ತದೆ. 2023ರಲ್ಲಿ ಕೇಂದ್ರ ಸಂಪುಟ 7,210 ಕೋಟಿ ರೂಪಾಯಿ ವೆಚ್ಚದ ನ್ಯಾಯಾಲಯಗಳ ಡಿಜಿಟಲೀಕರಣದ ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಒಪ್ಪಿಗೆ ಕೊಟ್ಟಿದೆ. ಈ ಎರಡು ಕೊರತೆಗಳನ್ನು ನೀಗಿಸುವುದಕ್ಕೆ ಅದರಲ್ಲಿ ಬಹಳ ಸಣ್ಣ ಪಾಲು ಸಾಕು.

ಹೊಸದಾಗಿ ಬಳಸುವವರು ವಕಾಲತ್ತಿಗೆ ಸಹಿ ಹಾಕಿದ ನಂತರ ವಕೀಲರಿಂದ ಸಿಎನ್‌ಆರ್ ಸಂಖ್ಯೆಯನ್ನು ತಪ್ಪದೆ ಬರೆಸಿಕೊಳ್ಳಬೇಕು. ಆ್ಯಪ್‌ನಿಂದ ಇಳಿಸಿಕೊಂಡ ಆದೇಶ ಓದಿಕೊಳ್ಳಲು ಮಾತ್ರ. ಮೇಲ್ಮನವಿಗೆ ನಕಲು ಶಾಖೆಯಿಂದ ದೃಢೀಕೃತ ಪ್ರತಿಯನ್ನೇ ಪಡೆಯಬೇಕು. ವಕೀಲರನ್ನು ನೇಮಿಸಿಕೊಳ್ಳಲು ಶಕ್ತಿಯಿಲ್ಲದವರು ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಕರೆ ಮಾಡಿ ಉಚಿತ ನೆರವು ಕೇಳಬಹುದು.