ಸೊರಗಿದ ಟೊಮೆಟೊಗೆ ‘ಹಾರ್ಮೋನ್ ಟಾನಿಕ್’ ಕೊಳ್ಳುವ ಮೊದಲು ಕಾಂಡ ಸೀಳಿ ನೋಡಿ

ಟೊಮೆಟೊ ಬೆಳೆಯುವವರು ದಯವಿಟ್ಟು ಓದಿ. ಸೊರಗುತ್ತಿರುವ ಗಿಡವನ್ನು ಹಾರ್ಮೋನ್ ಕೊಟ್ಟು ಎಬ್ಬಿಸುತ್ತೇವೆ ಎಂದು ಯಾರಾದರೂ ಬಾಟಲಿ ಮುಂದಿಟ್ಟರೆ ಜೇಬಿಗೆ ಕೈ ಹಾಕಬೇಡಿ.

ಕೋಲಾರದ ಕಡೆಯ ನಮ್ಮ ತೋಟದಲ್ಲಿ ಕಾಯಿ ಕಚ್ಚುವ ಹೊತ್ತಿಗೆ ಕೆಲವು ಗಿಡಗಳ ಕೆಳಗಿನ ಎಲೆಗಳು ಹಳದಿಯಾಗತೊಡಗಿದವು. ಅದೂ ಗಿಡದ ಒಂದೇ ಮಗ್ಗುಲಲ್ಲಿ. ಒಂದೇ ಎಲೆಯಲ್ಲಿ ನಡುನರದ ಈಚೆ ಹಳದಿ, ಆಚೆ ಹಸಿರು. ಮಧ್ಯಾಹ್ನ ಬಾಡಿದ ತುದಿಗಳು ಮೊದಮೊದಲು ಸಂಜೆಗೆ ಚೇತರಿಸಿಕೊಳ್ಳುತ್ತಿದ್ದವು, ಆಮೇಲೆ ಅದೂ ನಿಂತಿತು. ಔಷಧಿ ಅಂಗಡಿಯವರು ಮೊಬೈಲ್‌ನಲ್ಲಿ ಫೋಟೊ ನೋಡಿ, “ಗಿಡಕ್ಕೆ ರೋಗನಿರೋಧಕ ಶಕ್ತಿ ಇಲ್ಲ ಅಣ್ಣ. ಇದು ಸ್ಯಾಲಿಸಿಲಿಕ್ ಹಾರ್ಮೋನ್. ಡ್ರಿಪ್‌ನಲ್ಲಿ ಬಿಡಿ, ವಾರದೊಳಗೆ ಎದ್ದು ನಿಲ್ಲುತ್ತದೆ” ಎಂದರು. ಬಿಟ್ಟೆವು. ಏಳಲಿಲ್ಲ. ಪ್ರಮಾಣ ಸಾಲಲಿಲ್ಲ ಎಂದು ಇನ್ನೊಂದು ಬಾಟಲಿ ಕೊಟ್ಟರು. ಎದ್ದು ನಿಂತದ್ದು ಅಂಗಡಿಯ ಬಾಕಿ ಮಾತ್ರ.

ಕೊನೆಗೆ ನನ್ನ ಹೆಂಡತಿ ಒಂದು ಗಿಡ ಕಿತ್ತು, ಕುಡುಗೋಲಿನಿಂದ ಕಾಂಡವನ್ನು ಬುಡದಿಂದ ಉದ್ದಕ್ಕೆ ಸೀಳಿದಳು. ಸಿಪ್ಪೆಯ ಒಳಗೆ ಕಂದು ಗೆರೆ ಮೇಲಿನವರೆಗೂ ಓಡಿತ್ತು; ನಡುವಿನ ತಿರುಳು ಬೆಳ್ಳಗೇ ಇತ್ತು. ಕತ್ತರಿಸಿದ ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ಹಿಡಿದರೆ ಹಾಲಿನಂಥ ಎಳೆ ಇಳಿಯಲಿಲ್ಲ. ಇಳಿದಿದ್ದರೆ ಅದು ದುಂಡಾಣು ಸೊರಗು ರೋಗ. ನಮ್ಮದು ಫ್ಯುಸೇರಿಯಂ ಶಿಲೀಂಧ್ರದ್ದು ಎಂದು ಕೃಷಿ ವಿಜ್ಞಾನ ಕೇಂದ್ರದವರೂ ಹೇಳಿದರು. ಈ ಶಿಲೀಂಧ್ರ ಬೇರಿನಿಂದ ನುಗ್ಗಿ ನೀರು ಏರುವ ನಾಳಗಳಲ್ಲೇ ಬೀಡುಬಿಡುತ್ತದೆ. ಅದನ್ನು ತಡೆಯಲು ಗಿಡ ತಾನೇ ಸ್ರವಿಸುವ ಅಂಟೂ ನಾಳವನ್ನು ಮುಚ್ಚುತ್ತದೆ. ನಾಳವೇ ಕಟ್ಟಿದ ಮೇಲೆ ಬುಡಕ್ಕೆ ಬಿಟ್ಟದ್ದು ತುದಿಗೆ ತಲುಪುವುದಾದರೂ ಹೇಗೆ?

ಅಂಗಡಿಯವರ ಮಾತು ಪೂರ್ತಿ ಸುಳ್ಳಾಗಿದ್ದರೆ ಯಾರೂ ನಂಬುತ್ತಿರಲಿಲ್ಲ. ಸ್ಯಾಲಿಸಿಲಿಕ್ ಆಮ್ಲ ನಿಜಕ್ಕೂ ಗಿಡದ ರಕ್ಷಣಾ ಹಾರ್ಮೋನು. ಅದೇ ಜಾತಿಯ ಆಸ್ಪಿರಿನ್ ಕೊಟ್ಟರೆ ತಂಬಾಕಿನ ಗಿಡ ಮೊಸಾಯಿಕ್ ಎಂಬ ವೈರಸ್ ರೋಗವನ್ನು ಹೆಚ್ಚು ತಡೆದುಕೊಳ್ಳುತ್ತದೆ ಎಂದು ಇಂಗ್ಲೆಂಡಿನಲ್ಲಿ 1979ರಲ್ಲೇ ತೋರಿಸಿದ್ದರು. ಟೊಮೆಟೊ ಮೇಲಿನ ಪ್ರಯೋಗಗಳಲ್ಲೂ ಫ್ಯುಸೇರಿಯಂ ಬಾಧೆ ತಗ್ಗಿದೆ. ಆದರೆ ಅಲ್ಲಿ ಅಳೆದು ಕೊಟ್ಟದ್ದು ಸೋಂಕು ತಗಲುವ ಮೊದಲು. ಪ್ರಮಾಣ ಮೀರಿದರೆ ಗಿಡವೇ ಕುಗ್ಗುತ್ತದೆ. ಜೊತೆಗೆ ಈ ಹಾರ್ಮೋನು ಜೋರಾದಾಗ, ಎಲೆ ತಿನ್ನುವ ಹುಳುಗಳನ್ನು ಎದುರಿಸುವ ಜಾಸ್ಮೋನಿಕ್ ಆಮ್ಲದ ಕೆಲಸ ಹಲವು ಬಾರಿ ಮಂಕಾಗುತ್ತದೆ.

ಹಣ್ಣು ಮಾಗಿಸುವ ಹಾರ್ಮೋನಾದ ಎಥಿಲೀನ್ ಕಥೆ ಇನ್ನೂ ವಿಚಿತ್ರ. ಎಥಿಲೀನನ್ನು ಗುರುತಿಸಲಾಗದ, ಹಣ್ಣೇ ಸರಿಯಾಗಿ ಮಾಗದ ಒಂದು ಟೊಮೆಟೊ ತಳಿಗೆ ಫ್ಯುಸೇರಿಯಂ ತಗಲಿಸಿದಾಗ ರೋಗಲಕ್ಷಣ ಕಡಿಮೆಯೇ ಕಂಡಿತೆಂದು ಅಮೆರಿಕದ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದರು. ಅಂದರೆ ಗಿಡದ ಹಾರ್ಮೋನೇ ಸೊರಗನ್ನು ಹೆಚ್ಚಿಸಲೂಬಹುದು. ಹೀಗಿರುವಾಗ ಒಳಗೆ ಏನಿದೆ ಎಂದು ಬರೆಯದ ಬಾಟಲಿಯನ್ನು ಡ್ರಿಪ್‌ಗೆ ಸುರಿಸುವವರಿಗೆ ಏನೆನ್ನಬೇಕು?

ಫ್ಯುಸೇರಿಯಂಗೆ ನಂಬಬಹುದಾದ ತಡೆ ಬೀಜದಲ್ಲೇ ಇರುತ್ತದೆ. ಈ ರೋಗಾಣುವಿನಲ್ಲಿ ಮೂರು ಬಗೆಗಳಿವೆ (ರೇಸ್ ಎನ್ನುತ್ತಾರೆ). ಒಂದಕ್ಕೆ ನಿಲ್ಲುವ ತಳಿ ಇನ್ನೊಂದಕ್ಕೆ ಬೀಳಬಹುದು. ‘ಸೊರಗು ನಿರೋಧಕ’ ಎಂದರೆ ಯಾವ ಸೊರಗು ಎಂದು ನರ್ಸರಿಯಲ್ಲೇ ಕೇಳಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಒಳ್ಳೆಯ ತಳಿ. ಅದು ಎಲೆ ಮುಟುರು, ದುಂಡಾಣು ಸೊರಗು, ಮೊದಲ ಅಂಗಮಾರಿ ಎಂಬ ಮೂರಕ್ಕೆ ತಡೆಯುಳ್ಳದ್ದು. ಆ ಪಟ್ಟಿಯಲ್ಲಿ ಫ್ಯುಸೇರಿಯಂ ಇಲ್ಲ. ಸೊರಗಿದ ಗಿಡಗಳನ್ನು ಬೇರುಸಮೇತ ಕಿತ್ತು ಸುಡಿ, ಬದುವಿನ ಮೇಲೆ ಎಸೆಯಬೇಡಿ. ಈ ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಅದಕ್ಕೇ ನಾವು ಆ ತುಂಡು ನೆಲಕ್ಕೆ ಟೊಮೆಟೊ ಬದಲು ರಾಗಿ ಹಾಕಿದ್ದೇವೆ. ಹುಳಿ ಮಣ್ಣಾಗಿದ್ದರೆ ಪರೀಕ್ಷೆ ಮಾಡಿಸಿ ಸುಣ್ಣ ಕೊಡುವುದೂ ನೆರವಾಗುತ್ತದೆ.

ಶಿಲೀಂಧ್ರನಾಶಕದ ಲೇಬಲ್ ಮೇಲೆ ನೋಂದಣಿ ಸಂಖ್ಯೆ, ವಿಷದ ಮಟ್ಟ ತೋರಿಸುವ ಬಣ್ಣದ ಗುರುತು, ಬ್ಯಾಚ್ ಸಂಖ್ಯೆ ಇರಲೇಬೇಕು. ನಮಗೆ ಕೊಟ್ಟ ಬಾಟಲಿಯಲ್ಲಿ ಹಸಿರು ಎಲೆಯ ಚಿತ್ರ, ದೊಡ್ಡ ಅಕ್ಷರದ ಹೆಸರು, ಅಷ್ಟೇ. ಬಿಲ್ಲಿನಲ್ಲಿ ‘ಟಾನಿಕ್’ ಎಂಬ ಒಂದೇ ಪದ. ದೂರು ಕೊಡಲು ಹೋದರೆ ಅಧಿಕಾರಿ ಮೊದಲು ಕೇಳಿದ್ದು ಬ್ಯಾಚ್ ಸಂಖ್ಯೆಯಿರುವ ಬಿಲ್ಲು ಮತ್ತು ಸೀಲ್ ಒಡೆಯದ ಬಾಟಲಿ. ಕೊಳ್ಳುವಾಗಲೇ ಉತ್ಪನ್ನದ ಹೆಸರು, ಬ್ಯಾಚ್ ಸಂಖ್ಯೆ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಬಾಟಲಿಯನ್ನು ಅಲ್ಲೇ ಬಿಟ್ಟು ಬನ್ನಿ.